ಮೀಟರ್ ಬಾಯಿ

ಬಂದ ಹೊಸದರಲ್ಲಿ ಕಾರವಾರ ನನಗೆ ಪರದೇಶವೇ.
ಬಸ್‌ಸ್ಟ್ಯಾಂಡಿನ ಬೋರ್ಡು ಕನ್ನಡದಲ್ಲಿತ್ತು,
ಅದರ ಕೆಳಗೆ ನಿಂತವರ ಮಾತು ಇರಲಿಲ್ಲ.
ಟ್ರಂಕು ಇಳಿಸಿಕೊಟ್ಟವನು ಏನೋ ಕೇಳಿದ.
ಹತ್ತು ರೂಪಾಯಿ ಕೊಟ್ಟೆ. ನಕ್ಕು ವಾಪಸು ಇಟ್ಟ.
ಅವನು ಕೇಳಿದ್ದು ದುಡ್ಡಲ್ಲ,
ಎಲ್ಲಿಗೆ ಹೋಗಬೇಕು ಅಂತ.

ಲಕ್ಷ್ಮೇಶ್ವರದ ಆಚೆ ನಮ್ಮೂರು. ಅಲ್ಲಿ ಎರೆಹೊಲ
ಕಣ್ಣು ಸೋಲುವವರೆಗೆ ಚಪ್ಪಟೆ ಮಲಗಿರುತ್ತದೆ.
ಹಾಗಾಗಿ ಸಮುದ್ರ ನನ್ನನ್ನು ಹೆದರಿಸಲಿಲ್ಲ.
ಹೆದರಿಸಿದ್ದು ಬೆನ್ನ ಹಿಂದಿನ ಗುಡ್ಡ:
ಊರನ್ನು ನೀರಿಗೆ ನೂಕಲು ನಿಂತವರ ಹಾಗೆ
ಒಂದರ ಹೆಗಲಿಗೊಂದು.
‘ಎಷ್ಟ್ ದೊಡ್ಡದೈತಿ ಸಮುದ್ರ?’ ಅವ್ವನ ಫೋನು.
‘ನಮ್ಮ ಎರಿಹೊಲದಂಗ ಐತಿ ಬೇ.
ಬಿತ್ತಾಕ ಬರಂಗಿಲ್ಲ, ಅಷ್ಟ.’

ಕೆಲಸ, ಕರೆಂಟಿನ ಮೀಟರು ಓದುವುದು.
ಕೋಡಿಬಾಗ, ಕಾಜೂಬಾಗ, ಸುಂಕೇರಿ, ಮತ್ತೆ ಕೋಡಿಬಾಗ.
ಮನೆಮಂದಿಯ ಹೆಸರಿಗಿಂತ ಮೊದಲು
ಅವರ ಫ್ರಿಜ್ಜು ಗೊತ್ತು ನನಗೆ, ನಿದ್ದೆ ಬಾರದ ರಾತ್ರಿಗಳು ಗೊತ್ತು,
ಮಸ್ಕತ್ತಿನಿಂದ ಗಂಡ ಬಂದುಹೋದ ತಿಂಗಳು ಗೊತ್ತು:
ಎಸಿಯೊಂದೇ ತಿಂದದ್ದು ನೂರ ಎಂಬತ್ತು ಯೂನಿಟ್ಟು.

‘ಹೆಸರೇನು?’
‘ಫಕ್ಕೀರವ್ವ.’
‘ಅಂದ್ರೆ, ನೀವು...?’ ಅರ್ಧಕ್ಕೇ ನಿಲ್ಲುವ ಪ್ರಶ್ನೆ.
ಶಿರಹಟ್ಟಿಯ ಫಕೀರಸ್ವಾಮಿಗೆ ಹರಕೆ ಹೊತ್ತು ಹೆತ್ತದ್ದು ಅಂತ
ಎಷ್ಟು ಜಗಲಿಯಲ್ಲಿ ನಿಂತು ಹೇಳಲಿ?
ಕೊನೆಗೆ ಕೇರಿಯ ಹುಡುಗರೇ ಇಟ್ಟರು, ಮೀಟರ್ ಬಾಯಿ.
ನಾಯಿಗಳಿಗೂ ತಿಳಿದಿರಬೇಕು ಆ ಹೆಸರು,
ಈಗೀಗ ಬೊಗಳುವುದು ನೆಪಕ್ಕೆ.

ಇಲ್ಲಿ ಉಪ್ಪು ಅಳುತ್ತದೆ.
ಡಬ್ಬಿಗೆ ನಾಲ್ಕು ಅಕ್ಕಿಕಾಳು ಹಾಕು, ಅಂದಳು ಓನರಿನ ಸೊಸೆ.
ಜೋಳದ ಹಿಟ್ಟಿಗೆ ಹುಳ, ಚಪ್ಪಲಿಗೆ ಬೂಷ್ಟು,
ಯೂನಿಫಾರ್ಮು ಮೂರು ದಿನಕ್ಕೂ ಒಣಗದು.
ಮೀನುಪೇಟೆ ದಾಟುವಾಗ ಮೊದಲೆಲ್ಲ ವೇಲು ಮೂಗಿಗೆ.
ಈಗ ಕಣ್ಣುಮುಚ್ಚಿ ಹೇಳುವೆ:
ಇದು ಬಾಂಗ್ಡೆ, ಇದು ತಾರ್ಲೆ, ಇದು ನಿನ್ನೆಯದು.
ತಿನ್ನದೆಯೂ ಒಂದು ಭಾಷೆ ನಾಲಿಗೆಗೆ ಹತ್ತುತ್ತದೆ.

ಆಷಾಢದ ಒಂದು ಮಧ್ಯಾಹ್ನ,
ನೌಕಾನೆಲೆಗೆ ಜಾಗ ಬಿಟ್ಟುಬಂದವರ ಕಾಲನಿ.
ಒಂದೇ ಅಳತೆಯ ಸೈಟು, ಬೇರೆಬೇರೆ ಅಳತೆಯ ಮನೆ.
ದ್ರೌಪದಿ ತಾಂಡೇಲ ಮೀಟರಿಗೆ ಹೊದಿಸಿದ ಗೋಣಿ ಸರಿಸಿದಳು.
‘ಊರು ಯಾವ್ದು ಗೊ?’
ಹೇಳಿದೆ. ‘ಇಲ್ಲಿಗೆ ಹೊಸಬಳು’ ಅಂತಲೂ ಸೇರಿಸಿದೆ,
ತಪ್ಪು ಮಾಡಿ ಸಿಕ್ಕಿಬಿದ್ದಾಗ ಹೇಳುವ ಹಾಗೆ.
‘ನಾವೂ ಹೊಸಬ್ರೇ. ಇಪ್ಪತ್ತಮೂರು ವರ್ಷ ಆಯ್ತು.’
ಬೆರಳು ಗುಡ್ಡದ ಕಡೆಗಿತ್ತು.
‘ಅದರಾಚೆ ನಮ್ಮ ಬಾವಿ. ಸಮುದ್ರದ ಬಗಲಲ್ಲೇ,
ಆದ್ರೂ ಸಿಹಿ. ಈಗ ಹೋಗ್ಲಿಕ್ಕೆ ಪಾಸು ಬೇಕು.’

ಏನು ಹೇಳಬೇಕೋ ತಿಳಿಯದೆ ಬಿಲ್ಲು ಹರಿದುಕೊಟ್ಟೆ.
ಹದಿನಾಲ್ಕು ಯೂನಿಟ್ಟು.
ಮಡಚಿ, ದೇವರ ಪಟದ ಹಿಂದೆ ಸಿಕ್ಕಿಸಿ
ಮುರುಗಲ ಕದಡಿದ ಕೆಂಪು ನೀರು ತಂದಳು ಲೋಟದಲ್ಲಿ.
‘ಮೀನು ಮುಟ್ಟಿದ ಲೋಟ ಅಲ್ಲ ಇದು,’ ಅಂದಳು,
ನಾನು ಕೇಳದಿದ್ದರೂ,
ಕೊರಳಿನ ಲಿಂಗದ ದಾರ ನೋಡಿ.
ನಾಚಿಕೆಯಾಯಿತು. ಇನ್ನೊಂದು ಲೋಟ ಕೇಳಿ ಕುಡಿದೆ.

ನನ್ನ ಕೋಣೆಗೂ ಒಂದು ಮೀಟರು. ಅದನ್ನೂ ನಾನೇ ಓದಬೇಕು.
ಮೊದಲ ತಿಂಗಳು ಹತ್ತೊಂಬತ್ತು. ದೀಪ ಆರಿಸದೆ ಮಲಗಿದ್ದೆ.
ಆಮೇಲೆ ಆರು. ಕತ್ತಲೆ ರೂಢಿಯಾಯಿತೋ
ಯಾವುದೂ ಬೇಡವಾಯಿತೋ, ಅದು ಮೀಟರಿಗೆ ಗೊತ್ತಿಲ್ಲ.
ಈ ತಿಂಗಳು ಮೂವತ್ತೊಂದು.
ಮಿಕ್ಸರು ಕೊಂಡೆ. ತನ್ನದು ಕೆಟ್ಟಿದೆ ಅಂತ
ಓನರಿನ ಸೊಸೆ ತೆಂಗಿನತುರಿ ಹಿಡಿದು ಬರುತ್ತಾಳೆ ದಿನವೂ.
ಕೆಟ್ಟಿಲ್ಲ ಅದು. ಅವರ ಮೀಟರೂ ನನ್ನ ಲಿಸ್ಟಿನಲ್ಲೇ ಇದೆ.

ನೂಲಹುಣ್ಣಿಮೆ ಕಳೆದು ದೋಣಿಗಳು ಮತ್ತೆ ಇಳಿದಿವೆ.
ಮಾಳಿಗೆಯಿಂದ ಕಾಣುತ್ತವೆ, ಎರೆಹೊಲದ ತುಂಬ ದೀಪ.
ಅವಕ್ಕೆ ಮೀಟರಿಲ್ಲ.
ಆದರೂ ಎಣಿಸುತ್ತೇನೆ. ಚಟ.